ತಂಜಾವೂರಿನ ಸರಸ್ವತೀ ಮಹಲಿನಲ್ಲಿ ಕನ್ನಡದ ಹಾಡು

ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿ ಪುರಂದರದಾಸರ ಕೀರ್ತನೆಯೊಂದನ್ನು ಪಾಠಮಾಡುತ್ತಿದ್ದೆ. ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಪುಸ್ತಕದಲ್ಲಿ ಪದದ ಮೇಲೆ ಕಾಂಭೋಜಿ ರಾಗ, ಝಂಪೆ ತಾಳ ಎಂದು ಅಚ್ಚಾಗಿದೆ. ದಾಸರು ಇದನ್ನು ಕಾಂಭೋಜಿಯಲ್ಲೇ ಹಾಡಿದರೆಂದು ಹೇಗೆ ಗೊತ್ತು?" ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು, "ಮುಂದಿನ ವಾರ ಹೇಳುತ್ತೇನೆ" ಎಂದೆ. ಉತ್ತರ ತಿಳಿಯದ ಅಧ್ಯಾಪಕರೆಲ್ಲರೂ ಹೇಳುವ ಮಾತು ಇದೆಂಬುದು ವಿದ್ಯಾರ್ಥಿಗಳಿಗೆ ಗೊತ್ತಿಲ್ಲದುದೇನೂ ಅಲ್ಲ. ಆ ಮುಂದಿನ ವಾರ ಬರುವುದಕ್ಕೆ ಒಂದು ವರ್ಷ ಹಿಡಿಯಿತು. ನಡುವೆ ತಂಜಾವೂರಿಗೆ ಹೋಗಿ ಬಂದುದೂ ಆಯಿತು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾವ್ಯದ ಮಾತು. ತಾಳೆಗರಿಯಲ್ಲಿ ಕಾವ್ಯ ಹೇಗೆ ಉಳಿಯುತ್ತದೆಂಬುದನ್ನು ನೋಡಿದರೆ ಹಾಡಿನ ಕಷ್ಟ ತಾನಾಗಿಯೇ ತಿಳಿಯುತ್ತದೆ. ಗರಿಯನ್ನು ಹದಮಾಡಿ, ಒಣಗಿಸಿ, ನಯಗೊಳಿಸಿ, ಒಂದೇ ಅಳತೆಗೆ ಕತ್ತರಿಸುತ್ತಾರೆ. ದಾರ ಪೋಣಿಸಲು ರಂಧ್ರ ಮಾಡುತ್ತಾರೆ. ಬರೆಯುವುದು ಕಂಠದಿಂದ, ಎಂದರೆ ಉಕ್ಕಿನ ಮೊನೆಯಿಂದ. ಬರೆಯುವುದೆನ್ನುವುದಕ್ಕಿಂತ ಗೀರುವುದೆನ್ನುವುದೇ ಸರಿ. ಆಮೇಲೆ ಮಸಿ ಬಳಿದು ಒರೆಸಿದರೆ ಗೀರಿದೆಡೆಯಲ್ಲಿ ಕಪ್ಪು ನಿಂತು ಅಕ್ಷರ ಕಣ್ಣಿಗೆ ಕಾಣುತ್ತದೆ. ಪದಗಳ ನಡುವೆ ತೆರಪಿಲ್ಲ. ಪದ್ಯ ಮುಗಿದರೂ ಹೊಸ ಸಾಲು ಹಿಡಿಯುವ ವಾಡಿಕೆಯಿಲ್ಲ. ಗರಿ ದುಬಾರಿ, ಶ್ರಮ ಇನ್ನೂ ದುಬಾರಿ. ನಮ್ಮ ಹಳೆಯ ಪ್ರತಿಗಳಲ್ಲಿ ಬಹುಮಟ್ಟಿಗೆ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬೇರೆ ಬೇರೆ ಗುರುತಿಲ್ಲ. 'ಕೊಡು' ಎಂದು ಬರೆದಿದ್ದರೆ ಅದು ದಾನಮಾಡುವ ಕೊಡುವೋ, ಹಸುವಿನ ಕೋಡೋ, ಓದುವವನೇ ನಿರ್ಧರಿಸಬೇಕು.

ಆದರೆ ಕಾವ್ಯಕ್ಕೆ ಒಬ್ಬ ಕಾವಲುಗಾರನಿದ್ದಾನೆ. ಅವನ ಹೆಸರು ಛಂದಸ್ಸು. ಕೊಡು ಎಂದರೆ ಎರಡು ಮಾತ್ರೆ, ಕೋಡು ಎಂದರೆ ಮೂರು. ಭಾಮಿನಿಯ ಗಣವನ್ನು ಎಣಿಸಿದರೆ ಸಾಕು, ಎಲ್ಲಿ ಯಾವುದಿರಬೇಕೆಂಬುದು ಗೊತ್ತಾಗುತ್ತದೆ. ನೂರಾರು ವರ್ಷ ಪ್ರತಿಯಿಂದ ಪ್ರತಿಗೆ ಇಳಿದು ಬಂದರೂ ಕುಮಾರವ್ಯಾಸನನ್ನು ನಾವು ಸರಿಯಾಗಿ ಓದಬಲ್ಲೆವಾದರೆ ಅದರಲ್ಲಿ ಲಿಪಿಕಾರನ ಎಚ್ಚರದ ಪಾಲೆಷ್ಟೋ ಷಟ್ಪದಿಯ ಬಿಗಿಯ ಪಾಲೂ ಅಷ್ಟೇ ಇದೆ. ಹಾಡಿನ ಧಾಟಿಗೆ ಇಂತಹ ಕಾವಲಿಲ್ಲ. ದಾಸರ ಪದಗಳ ಕೈಬರಹದ ಪ್ರತಿಗಳಲ್ಲಿ ಮೇಲೆ ರಾಗದ ಹೆಸರು, ತಾಳದ ಹೆಸರು ಇರುತ್ತವೆ. ಎಷ್ಟೋ ಕಡೆ ಅದೂ ಇರುವುದಿಲ್ಲ. ಒಂದೇ ಪದಕ್ಕೆ ಒಂದು ಪ್ರತಿಯಲ್ಲಿ ಒಂದು ರಾಗ, ಇನ್ನೊಂದು ಪ್ರತಿಯಲ್ಲಿ ಇನ್ನೊಂದು. ಮೊಗ್ಲಿಂಗರು ಮಂಗಳೂರಿನಲ್ಲಿ 1850ರಲ್ಲಿ ದಾಸರ ಪದಗಳನ್ನು ಮೊದಲು ಅಚ್ಚುಮಾಡಿದಾಗ ಕನ್ನಡಿಗರ ಕೈಗೆ ಬಂದದ್ದು ಮಾತು, ಧಾಟಿಯಲ್ಲ. ಅವರನ್ನು ದೂರಿ ಫಲವಿಲ್ಲ. ಅವರ ಮುಂದಿದ್ದ ಪ್ರತಿಗಳಲ್ಲಿ ಇದ್ದದ್ದೇ ಅಷ್ಟು.

ಇಲ್ಲಿ ಸ್ವಂತದ ಮಾತೊಂದನ್ನು ಹೇಳಬೇಕಾಗಿದೆ. ನಮ್ಮ ಮನೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಮೂರು ಓಲೆಕಟ್ಟುಗಳಿದ್ದವು. ಆಯುಧಪೂಜೆಯ ದಿನ ಕೆಳಗಿಳಿಸಿ, ಅರಿಸಿನ ಕುಂಕುಮ ಹಚ್ಚಿ, ಮತ್ತೆ ಮೇಲಿಡುತ್ತಿದ್ದರು. ಬಿಚ್ಚಿ ಓದಿದವರನ್ನು ನಾನು ಕಂಡಿಲ್ಲ. ಮನೆ ರಿಪೇರಿಯಾದ ವರ್ಷ, ಹುಳ ಹಿಡಿದಿದೆ, ಓದುವವರಿಲ್ಲ, ತುಳಿದಾಡಿದರೆ ದೋಷ ಎಂದು ದೊಡ್ಡಪ್ಪ ಮೂರನ್ನೂ ಭಕ್ತಿಯಿಂದ ಹೇಮಾವತಿಯಲ್ಲಿ ಬಿಟ್ಟು ಬಂದರು. ಭಕ್ತಿಯಿಂದಲೇ ಎಂಬುದನ್ನು ಒತ್ತಿ ಹೇಳುತ್ತೇನೆ. ಅವರು ಅಂದು ಸ್ನಾನಮಾಡಿ ಮಡಿಯುಟ್ಟು ಹೋಗಿದ್ದರು. ಆಗ ನನಗೆ ಹತ್ತು ವರ್ಷ. ಕಟ್ಟುಗಳಲ್ಲಿ ಏನಿತ್ತೆಂದು ಅಜ್ಜಿಯನ್ನು ಕೇಳಿದೆ. "ಹಾಡು ಇತ್ತಂತೆ ಕಣೋ, ನಮ್ಮತ್ತೆ ಹೇಳೋರು" ಎಂದಳು. ಯಾವ ಹಾಡು, ಯಾರದು, ಅವಳಿಗೂ ತಿಳಿಯದು.

ಅಜ್ಜಿಯದೇ ಒಂದು ನೋಟುಪುಸ್ತಕವಿತ್ತು. ಗೌರಿಹಾಡು, ಉರುಟಣೆಯ ಹಾಡು, ಮಂಗಳಾರತಿ, ಮೂವತ್ತು ನಲವತ್ತು ದಾಸರ ಪದ, ಎಲ್ಲವೂ ಅವಳ ದುಂಡನೆಯ ಅಕ್ಷರದಲ್ಲಿ. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಅವಳು ಹಾಡಿದ ರೀತಿ ಇಲ್ಲ. ಅವಳು ಬದುಕಿದ್ದಾಗ ನಾನು ಕಲಿಯಲಿಲ್ಲ, ಹಾಡಿಸಿ ಇಟ್ಟುಕೊಳ್ಳಲೂ ಇಲ್ಲ. ಪುಟ ತೆರೆದರೆ ಮಾತೆಲ್ಲ ಕಾಣುತ್ತದೆ, ಹಾಡು ಕೇಳುವುದಿಲ್ಲ. ಹಿಂದಿನ ಬೆಂಚಿನ ಪ್ರಶ್ನೆ ನನ್ನನ್ನು ಅಷ್ಟು ಕಾಡಿದ್ದಕ್ಕೆ ಈ ಪುಸ್ತಕವೇ ಕಾರಣವೆಂದು ತೋರುತ್ತದೆ.

ದಾಸರ ರಚನೆಗಳು ಸ್ವರಸಹಿತವಾಗಿ ಎಲ್ಲಿಯಾದರೂ ಉಳಿದಿವೆಯೇ ಎಂದು ಹುಡುಕಹೊರಟವನಿಗೆ ಸಿಕ್ಕ ದಾರಿ ಮೈಸೂರಿನ ಕಡೆಗಾಗಲಿ ಧಾರವಾಡದ ಕಡೆಗಾಗಲಿ ಹೋಗಲಿಲ್ಲ. ಕಾವೇರಿಯ ಕೆಳದಂಡೆಗೆ, ತಂಜಾವೂರಿಗೆ ಹೋಯಿತು. ರಾತ್ರಿ ರೈಲು ಹತ್ತಿ ಬೆಳಗ್ಗೆ ಇಳಿದೆ. ಅರಮನೆಯ ಆವರಣದಲ್ಲೇ ಸರಸ್ವತೀ ಮಹಲ್ ಗ್ರಂಥಾಲಯವಿದೆ. ಇದು 16–17ನೆಯ ಶತಮಾನಗಳಲ್ಲಿ ಆಳಿದ ನಾಯಕರ ಕಾಲದಲ್ಲಿ ಅರಮನೆಯ ಭಂಡಾರವಾಗಿ ಮೊದಲಾಯಿತು. ಅವರ ಬಳಿಕ ಬಂದ ಮರಾಠ ಅರಸರು ಅದನ್ನು ಬೆಳೆಸಿದರು. ಎಲ್ಲರಿಗಿಂತ ಹೆಚ್ಚಾಗಿ ಬೆಳೆಸಿದವನು 1798ರಿಂದ 1832ರವರೆಗೆ ಪಟ್ಟದಲ್ಲಿದ್ದ ಎರಡನೆಯ ಸರಫೋಜಿ. 1799ರ ಒಪ್ಪಂದದಲ್ಲಿ ಆತನ ರಾಜ್ಯದ ಆಡಳಿತವನ್ನು ಕಂಪನಿ ಸರ್ಕಾರ ತೆಗೆದುಕೊಂಡಿತು. ಆಳುವುದಕ್ಕೆ ಕೋಟೆ ಮಾತ್ರ ಉಳಿಯಿತು. ಆತ ಉಳಿದ ಆಯುಷ್ಯವನ್ನು ಪುಸ್ತಕಕ್ಕೆ ಕೊಟ್ಟ. 1820ರ ಸುಮಾರಿಗೆ ಕಾಶೀಯಾತ್ರೆ ಹೊರಟಾಗಲೂ ದಾರಿಯುದ್ದಕ್ಕೂ ಗ್ರಂಥಗಳನ್ನು ಸಂಗ್ರಹಿಸಿದನು. ರಾಜ್ಯ ಕಳೆದುಕೊಂಡ ಅರಸರು ಬೇಟೆಗೋ ಪಾನಕ್ಕೋ ಬಿದ್ದ ಕಥೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಗ್ರಂಥಾಲಯಕ್ಕೆ ಬಿದ್ದವರು ಅಪರೂಪ. ಆತನ ಆಸ್ಥಾನದಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡು ಕೂಡ ಇದ್ದಿತು.

ಸರಫೋಜಿಯ ಮಗ ಶಿವಾಜಿ 1855ರಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡಾಗ ವಂಶದ ಅಧಿಕಾರ ಮುಗಿಯಿತು. ಭಂಡಾರದ ಸಂಸ್ಕೃತ ಗ್ರಂಥಗಳಿಗೆ ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಿದ್ಧಪಡಿಸಿದ ಸೂಚಿ 1880ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1918ರಲ್ಲಿ ಇದು ಸಾರ್ವಜನಿಕ ಗ್ರಂಥಾಲಯವಾಯಿತು. ಸಂಸ್ಕೃತದ್ದೇ ಹೆಚ್ಚಿನ ಪಾಲು; ಜೊತೆಗೆ ತಮಿಳು, ತೆಲುಗು, ಮರಾಠಿ ಗ್ರಂಥಗಳು. ಕನ್ನಡಕ್ಕೆಂದು ದೊಡ್ಡ ಕಪಾಟೇನೂ ಇಲ್ಲ. ಇಲ್ಲಿರುವ ಕನ್ನಡ ಬೇರೆ ವೇಷದಲ್ಲಿ ಕುಳಿತಿದೆ.

ಸಂಗೀತಕ್ಕೂ ತಂಜಾವೂರಿಗೂ ಇರುವ ನಂಟನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಆದರೆ ಆ ನಂಟಿನ ಬುಡದಲ್ಲಿ ಕನ್ನಡದ ಮನೆತನವೊಂದಿದೆ ಎಂಬುದು ಎಲ್ಲರಿಗೂ ತಿಳಿದಂತಿಲ್ಲ. ರಘುನಾಥ ನಾಯಕನಿಗೆ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನು ಕರ್ಣಾಟಕ ಬ್ರಾಹ್ಮಣ. ಆತನ ಮಗ ವೇಂಕಟಮಖಿ 17ನೆಯ ಶತಮಾನದಲ್ಲಿ ವಿಜಯರಾಘವ ನಾಯಕನ ಆಶ್ರಯದಲ್ಲಿ ಬರೆದ ಸಂಸ್ಕೃತ ಗ್ರಂಥವೇ 'ಚತುರ್ದಂಡೀಪ್ರಕಾಶಿಕೆ'. ಇಂದು ಎಲ್ಲ ಸಂಗೀತ ವಿದ್ಯಾರ್ಥಿಗಳೂ ಬಾಯಿಪಾಠಮಾಡುವ 72 ಮೇಳಗಳ ಲೆಕ್ಕ ಈ ಗ್ರಂಥದ್ದು. ಚತುರ್ದಂಡಿ ಎಂದರೆ ಸಂಗೀತಕ್ಕೆ ಆಧಾರವಾದ ನಾಲ್ಕು ಕಂಬಗಳು: ಆಲಾಪ, ಠಾಯ, ಗೀತ, ಪ್ರಬಂಧ. ಆತ ಯೋಜಿಸಿದ ಪ್ರಕರಣಗಳು ಹತ್ತು. ಹತ್ತನೆಯದಾದ ತಾಳಪ್ರಕರಣ ದೊರೆತಿಲ್ಲ, ಒಂಬತ್ತನೆಯದು ಅಪೂರ್ಣ. ಗ್ರಂಥವನ್ನು 1934ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅಚ್ಚುಮಾಡಿಸಿತು. ಅದಕ್ಕೆ ಬಹಳ ಮುಂಚೆ, 1904ರಲ್ಲಿ, ಮುಂಬಯಿಯಿಂದ ದಕ್ಷಿಣಕ್ಕೆ ಬಂದಿದ್ದ ಭಾತಖಂಡೆಯವರು ಇದರ ಪ್ರತಿಯೊಂದನ್ನು ಎಟ್ಟಯಾಪುರದಲ್ಲಿ ಸುಬ್ಬರಾಮ ದೀಕ್ಷಿತರಿಂದ ಪಡೆದುಕೊಂಡು ಹೋಗಿದ್ದರು. ಹಸ್ತಪ್ರತಿಯೊಂದು ಕೈಯಿಂದ ಕೈಗೆ ಹೋಗಿ ಎಲ್ಲೆಲ್ಲಿ ಚಿಗುರುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ವಿಂಗಡಿಸಿದವರು ಈ ಭಾತಖಂಡೆಯವರೇ.

ಮರಾಠ ಅರಸರಲ್ಲಿ ಶಹಾಜಿ (1684–1712) ಮತ್ತು ತುಳಜ (1728–1736) ಇಬ್ಬರೂ ಸಂಗೀತಶಾಸ್ತ್ರ ಬಲ್ಲವರು. ರಾಗಗಳ ಲಕ್ಷಣವನ್ನು ಶಹಾಜಿ ತೆಲುಗಿನಲ್ಲಿಯೂ, ತುಳಜ 'ಸಂಗೀತ ಸಾರಾಮೃತ'ವೆಂಬ ಹೆಸರಿನಲ್ಲಿ ಸಂಸ್ಕೃತದಲ್ಲಿಯೂ ನಿರೂಪಿಸಿದ್ದಾರೆ. ಇವರ ಪದ್ಧತಿ ನನಗೆ ಬಹಳ ಹಿಡಿಸಿತು. ರಾಗಕ್ಕೆ ಸೂತ್ರ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಆ ರಾಗದ ಸಂಚಾರ ಇಂಥ ಗೀತದಲ್ಲಿ ಹೀಗಿದೆ, ಇಂಥ ಠಾಯದಲ್ಲಿ ಹೀಗಿದೆ, ಇಂಥ ಸೂಳಾದಿಯಲ್ಲಿ ಹೀಗಿದೆ ಎಂದು ಹಾಡಿಕೆಯಿಂದ ಸ್ವರಗಳನ್ನು ಎತ್ತಿ ತೋರಿಸುತ್ತಾರೆ. ವ್ಯಾಕರಣ ಬರೆಯುವವನು ಆಡುಮಾತಿನಿಂದ ಉದಾಹರಣೆ ಕೊಟ್ಟಂತೆ. ಹಾಗೆ ಎತ್ತಿಕೊಂಡವುಗಳಲ್ಲಿ ಪುರಂದರದಾಸರ ಸೂಳಾದಿಗಳೂ ಸೇರಿವೆ. ಇದಲ್ಲದೆ ಗೀತ, ಠಾಯ, ಸೂಳಾದಿಗಳನ್ನೇ ಸ್ವರಸಹಿತ ಬರೆದಿಟ್ಟ ಪ್ರತಿಗಳೂ ಈ ಭಂಡಾರದಲ್ಲಿವೆ.

ಸೂಳಾದಿಯೆಂದರೇನೆಂದು ಈಗಿನ ವಿದ್ಯಾರ್ಥಿಗಳಿಗೆ ತಿಳಿಸಬೇಕು. ಕೀರ್ತನೆಯಲ್ಲಿ ಪಲ್ಲವಿ, ಅನುಪಲ್ಲವಿ, ಚರಣಗಳಿರುತ್ತವೆ. ಆದಿಯಿಂದ ಅಂತ್ಯದವರೆಗೆ ಒಂದೇ ತಾಳ. ಸೂಳಾದಿ ಹಾಗಲ್ಲ. ಅದು ಹಲವು ಖಂಡಗಳ ದೊಡ್ಡ ರಚನೆ. ಖಂಡದಿಂದ ಖಂಡಕ್ಕೆ ತಾಳ ಬದಲಾಗುತ್ತದೆ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಸಂಗೀತ ಪಾಠಕ್ಕೆ ಕುಳಿತ ಮಕ್ಕಳು ಅಲಂಕಾರಗಳಲ್ಲಿ ಬೆರಳು ಮಡಿಸುತ್ತ ಕಲಿಯುವ ಈ ಏಳಕ್ಕೆ 'ಸೂಳಾದಿ ಸಪ್ತತಾಳ' ಎಂಬ ಹೆಸರು ಬಂದದ್ದು ಇದರಿಂದಲೇ. ಕೊನೆಗೆ 'ಜತೆ' ಎಂಬ ಎರಡು ಸಾಲಿನಲ್ಲಿ ರಚನೆ ಮುಗಿಯುತ್ತದೆ. ಸೂಳಾದಿಯೆಂದರೆ ಸುಳುಹಾದಿ, ಸುಲಭದ ದಾರಿ ಎಂದು ಅರ್ಥ ಹೇಳುವವರುಂಟು. ಕೇಳುವುದಕ್ಕೆ ಸೊಗಸಾಗಿದೆ. ಆದರೆ ಹಳೆಯ ಸಾಳಗಸೂಡ ಪ್ರಬಂಧದಿಂದ ಹೆಸರು ಬಂದಿತೆಂಬ ವಿದ್ವಾಂಸರ ಮಾತೇ ಒಪ್ಪತಕ್ಕದ್ದು. ಏಳು ತಾಳ ದಾಟುವ ದಾರಿಯನ್ನು ಸುಲಭವೆಂದು ನಾನಂತೂ ಹೇಳಲಾರೆ. ವಿಜಯದಾಸರು (1682–1755) ಸೂಳಾದಿಗಳಿಗೇ ಹೆಸರಾದವರು. ಆದರೂ ಇಂದಿನ ಕಛೇರಿಗಳಲ್ಲಿ ಸೂಳಾದಿ ಕೇಳಿಬರುವುದು ತೀರ ವಿರಳ. ಮನೆಗಳಲ್ಲಿ ಪಾರಾಯಣದಂತೆ ಓದುತ್ತಾರೆ, ತಾಳದ ಹೆಸರನ್ನೂ ಸೇರಿಸಿ ಓದಿಬಿಡುತ್ತಾರೆ.

ಗ್ರಂಥಾಲಯದ ಸಿಬ್ಬಂದಿಯೊಬ್ಬರು ನನ್ನ ಅರ್ಜಿ ಓದಿ, "ಕನ್ನಡವಾ? ಇಲ್ಲಿಯಾ?" ಎಂದು ತಮಿಳಿನಲ್ಲಿ ಕೇಳಿದರು. ಪ್ರತಿ ಮುಂದೆ ಬಂದಾಗ ಅವರ ಸಂದೇಹ ನನಗೂ ಬಂತು. ಕಾಗದದ ಪ್ರತಿ, ಅಕ್ಷರ ತೆಲುಗು. ಕನ್ನಡಿಗನಿಗೆ ಅದೇನೂ ದೊಡ್ಡ ಅಡ್ಡಿಯಲ್ಲ, ಒಂದೆರಡು ಗಂಟೆಯಲ್ಲಿ ಕಣ್ಣು ಪಳಗುತ್ತದೆ. ಸ ರಿ ಗ ಮಗಳ ಸಾಲಿನೊಡನೆ ಸಾಹಿತ್ಯ. ಮೆಲ್ಲನೆ ಕೂಡಿಸಿ ಓದುತ್ತ ಹೋದಂತೆ ಪುರಂದರ ವಿಠಲನ ಅಂಕಿತ ಕಾಣಿಸಿತು. ಸುಳ್ಳೇಕೆ, ಮೈ ಜುಮ್ಮೆಂದಿತು. ಊರಿನವರೊಬ್ಬರು ಪರದೇಶದ ಸಂತೆಯಲ್ಲಿ ಎದುರಾದಂತಾಯಿತು.

ಆ ಸಂತೋಷ ಇಳಿದ ಮೇಲೆ ಕಷ್ಟಗಳು ಒಂದೊಂದಾಗಿ ಕಂಡವು. ಬರೆದವನಿಗೆ ಕನ್ನಡ ಬಾರದೆಂಬುದು ಎರಡು ಸಾಲು ಓದುವಷ್ಟರಲ್ಲಿ ಗೊತ್ತಾಗುತ್ತದೆ. ಮಾತು ಅಲ್ಲಲ್ಲಿ ಮುರಿದಿದೆ. ಒಂದು ಪದದ ಬಾಲ ಇನ್ನೊಂದರ ತಲೆಗೆ ಅಂಟಿದೆ. ಅರ್ಥವಾಗದ ಭಾಷೆಯನ್ನು ಕಿವಿಯಿಂದ ಕೇಳಿ ಬರೆದರೆ ಹೀಗೆಯೇ ಆಗುವುದು. ಆದರೆ ಸ್ವರ ಬರೆಯುವಾಗ ಅವನ ಕೈಯಲ್ಲಿ ಅಳುಕಿಲ್ಲ. ಅದು ಅವನ ಸ್ವಂತ ವಿದ್ಯೆ. ನಮ್ಮ ನಾಡಿನ ಪ್ರತಿಗಳಲ್ಲಿ ಇದು ಸರಿಯಾಗಿ ತಿರುಗುಮುರುಗು. ದಾಸರ ಮನೆತನಗಳಲ್ಲಿ, ಮಠಗಳಲ್ಲಿ ಬರೆದ ಸೂಳಾದಿಗಳ ಸಾಹಿತ್ಯ ಬಹುಮಟ್ಟಿಗೆ ಶುದ್ಧ. ಭಕ್ತಿಯಿಂದ ಬರೆದದ್ದು, ಅರ್ಥ ತಿಳಿದು ಬರೆದದ್ದು. ಸ್ವರ ಮಾತ್ರ ಇಲ್ಲ. ಒಂದು ಹಾಡಿನ ಮಾತು ಒಂದು ನಾಡಿನಲ್ಲಿ ಉಳಿಯಿತು, ನಾದ ಇನ್ನೊಂದು ನಾಡಿನಲ್ಲಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಡದೆ ಹಾಡು ಪೂರ್ತಿಯಾಗುವುದಿಲ್ಲ. ಈ ದಿಕ್ಕಿನಲ್ಲಿ ಕೆಲಸ ನಡೆದೇ ಇಲ್ಲವೆಂದಲ್ಲ. ಮೈಸೂರಿನ ರಾ. ಸತ್ಯನಾರಾಯಣರು ಸೂಳಾದಿ, ಉಗಾಭೋಗಗಳ ವಿಷಯವಾಗಿ ಗ್ರಂಥವನ್ನೇ ಬರೆದಿದ್ದಾರೆ. ಅವರ ಬಳಿಕವೂ ತಂಜಾವೂರಿನ ಪ್ರತಿಗಳನ್ನು ಓದಿದ ಸಂಶೋಧಕರಿದ್ದಾರೆ. ಆದರೆ ಸಾಹಿತ್ಯ ಓದುವ ನಮ್ಮಂಥವರು ಸಂಗೀತದ ಹಸ್ತಪ್ರತಿ ನಮ್ಮದಲ್ಲವೆಂದೂ, ಸಂಗೀತದವರು ಪಾಠಾಂತರದ ಗೋಜು ತಮ್ಮದಲ್ಲವೆಂದೂ ದೂರ ನಿಂತಿರುವುದು ಮಾತ್ರ ನಿಜ.

ಸ್ವರ ಬರೆದಿದ್ದರೂ ಎಲ್ಲವೂ ಬರೆದಂತಾಗಲಿಲ್ಲ. 'ಗ' ಎಂದಿದ್ದರೆ ಅದು ಸಾಧಾರಣ ಗಾಂಧಾರವೋ ಅಂತರ ಗಾಂಧಾರವೋ? ಅಕ್ಷರ ಅದನ್ನು ಹೇಳುವುದಿಲ್ಲ. ರಾಗದ ಹೆಸರಿನಿಂದ ತಿಳಿಯಬೇಕು. ಇಲ್ಲೊಂದು ಗುಂಡಿ ಇದೆ, ನಾನೂ ಅದರಲ್ಲಿ ಬಿದ್ದೆ. ಮುಖಾರಿಯೆಂಬ ರಾಗವನ್ನು ತೆಗೆದುಕೊಳ್ಳಿ. ಇಂದಿನ ಮುಖಾರಿ ಖರಹರಪ್ರಿಯದಲ್ಲಿ ಹುಟ್ಟಿದ, ಕರುಣರಸದ ರಾಗ. ಆದರೆ ಪುರಂದರದಾಸರ (1484–1564) ಕಾಲದಲ್ಲೇ, 1550ರಲ್ಲಿ, ವಿಜಯನಗರದ ರಾಮಾಮಾತ್ಯ ಬರೆದ 'ಸ್ವರಮೇಳಕಲಾನಿಧಿ'ಯಲ್ಲಿ ಮುಖಾರಿಯೆಂದರೆ ಎಲ್ಲ ಶುದ್ಧಸ್ವರಗಳ ಮೇಳ, ಇಂದು ನಾವು ಕನಕಾಂಗಿಯೆನ್ನುವ ಮೊದಲನೆಯ ಮೇಳದ ಸ್ವರಗಳು. ವೇಂಕಟಮಖಿಯಲ್ಲೂ ಹಾಗೆಯೇ. ರಿಷಭ ಬೇರೆ, ಗಾಂಧಾರ ಬೇರೆ, ನಿಷಾದ ಬೇರೆ. ಹೆಸರು ಅದೇ, ಮನೆ ಅದೇ, ಒಳಗಿರುವವರು ಮಾತ್ರ ಬದಲಾಗಿದ್ದಾರೆ. ಹಾಗಾಗಿ ಹಳೆಯ ಪ್ರತಿಯ ನೆತ್ತಿಯ ಮೇಲೆ 'ಮುಖಾರಿ' ಎಂದು ಬರೆದಿದ್ದರೆ, ಇಂದಿನ ಮುಖಾರಿಯಲ್ಲಿ ಹಾಡಿ ದಾಸರ ಧಾಟಿ ದೊರೆಯಿತೆಂದು ಹಿಗ್ಗುವಂತಿಲ್ಲ.

ಇನ್ನು ಗಮಕ. ಸ್ವರದಿಂದ ಸ್ವರಕ್ಕೆ ಜಾರುವುದು, ಒಂದರ ಮೇಲೆ ನಿಂತು ತೂಗುವುದು, ಕೆಳಗಿನಿಂದ ಒತ್ತುವುದು, ಇದಿಲ್ಲದೆ ನಮ್ಮ ಸಂಗೀತವೇ ಇಲ್ಲ. 1904ರಲ್ಲಿ ಎಟ್ಟಯಾಪುರದಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಗಮಕಕ್ಕೆಂದೇ ಚಿಹ್ನೆಗಳಿವೆ. ತಂಜಾವೂರಿನ ಈ ಹಳೆಯ ಪ್ರತಿಗಳಲ್ಲಿ ಅಂತಹ ಚಿಹ್ನೆಗಳಿಲ್ಲ. ಬರೆದವನಿಗೆ ಅದರ ಅಗತ್ಯವಿರಲಿಲ್ಲ. ಅವನ ಶಿಷ್ಯ ಎದುರಿಗೇ ಕುಳಿತಿದ್ದ. ಮರೆತುಹೋಗಬಾರದೆಂದು ಬರೆದುಕೊಂಡ ಗುರುತು ಅದು, ಎಂದೂ ಕೇಳದವನಿಗೆ ಕಲಿಸಲು ಬರೆದದ್ದಲ್ಲ. ಅಜ್ಜಿಯ ನೋಟುಪುಸ್ತಕವೂ ಹಾಗೆಯೇ ಅಲ್ಲವೇ ಎಂದು ಅಲ್ಲಿ ಕುಳಿತಾಗ ಹೊಳೆಯಿತು.

ಒಂದು ಅವಾಂತರ ವಿಷಯ. ತಂಜಾವೂರು ನಮ್ಮ ಸೂಳಾದಿಗಳನ್ನು ಕಾಪಾಡಿತೆಂದು ನಾವು ಋಣಿಗಳಾಗಿಯೇ ಇರಬೇಕಾಗಿಲ್ಲ. ಋಣ ಎರಡೂ ಕಡೆಗಿದೆ. ಮೈಸೂರಿನಲ್ಲಿ 1891ರಲ್ಲಿ ಆರಂಭವಾದ ಪ್ರಾಚ್ಯ ಗ್ರಂಥಾಲಯದಲ್ಲಿ 1905ರ ಹೊತ್ತಿಗೆ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಕಟ್ಟನ್ನು ಗ್ರಂಥಾಲಯಕ್ಕೆ ತಂದು ಒಪ್ಪಿಸಿದವನು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ. ಆತನ ಮನೆಯಲ್ಲೂ ನಮ್ಮ ದೊಡ್ಡಪ್ಪನಂಥವರೊಬ್ಬರಿದ್ದು, ಕಾವೇರಿ ಹತ್ತಿರವಿದ್ದು, ಅಂದು ಪುಣ್ಯದಿನವಾಗಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ.

ಈಗ ಪ್ರಶ್ನೆಗೆ ಉತ್ತರ. ಪುರಂದರದಾಸರು ಆ ಕೀರ್ತನೆಯನ್ನು ಕಾಂಭೋಜಿಯಲ್ಲೇ ಹಾಡಿದರೆಂದು ನಮಗೆ ಗೊತ್ತಿಲ್ಲ. ಪ್ರತಿ ಮಾಡಿದ ಯಾರೋ ಒಬ್ಬರು ಅದನ್ನು ಕಾಂಭೋಜಿಯಲ್ಲಿ ಕೇಳಿದ್ದರು, ಬರೆದರು, ಅಷ್ಟೇ. ಸೂಳಾದಿಗಳ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಅವರು ತೀರಿಕೊಂಡ ನೂರಿಪ್ಪತ್ತು, ನೂರೈವತ್ತು ವರ್ಷಗಳ ಮೇಲೆ, ಅವರ ಭಾಷೆ ತಿಳಿಯದ ಊರಿನಲ್ಲಿ, ಅವರ ಕೆಲವು ರಚನೆಗಳನ್ನು ಯಾವ ಸ್ವರಗಳ ಮೇಲೆ ನಡೆಸುತ್ತಿದ್ದರೆಂಬುದು ಗೊತ್ತು. ಇದು ದಾಸರ ಕಂಠವಲ್ಲ. ಆದರೆ ಅವರಿಗೂ ನಮಗೂ ನಡುವಿನ ದಾರಿಯಲ್ಲಿ ಸಿಕ್ಕುವ, ಅವರ ಕಡೆಗೆ ನಮಗಿಂತ ಬಹಳ ಹತ್ತಿರವಿರುವ ಮೈಲಿಗಲ್ಲು.

ಈ ಉತ್ತರವನ್ನು ಆಕೆಗೆ ಹೇಳಿದಾಗ ಆಕೆ ಮೂರನೆಯ ವರ್ಷಕ್ಕೆ ಬಂದಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಜ್ಜಿಯೂ ಒಂದು ಪುಸ್ತಕ ಬರೆದಿಟ್ಟಿದ್ದಾರೆ ಸಾರ್. ಅವರಿನ್ನೂ ಹಾಡುತ್ತಾರೆ" ಎಂದಳು. ಮುಂದಿನ ಭಾನುವಾರವೇ ನಮ್ಮ ಊರಿನ ಸಂಗೀತದ ಮೇಷ್ಟರೊಬ್ಬರನ್ನು ಕರೆದುಕೊಂಡು ಅವರ ಹಳ್ಳಿಗೆ ಹೋದೆ. ಎಂಬತ್ತು ದಾಟಿದ ಮುದುಕಿ, ಹಲ್ಲಿಲ್ಲ, ಶ್ರುತಿ ಮಾತ್ರ ನೆಟ್ಟಗಿದೆ. ಪುಸ್ತಕದಲ್ಲಿ ಕಾಂಭೋಜಿಯೆಂದು ಬರೆದಿದ್ದ ಪದವನ್ನು ಅವರು ಹಾಡಿದ್ದು ಕಾಂಭೋಜಿಯಲ್ಲ. ಯಾವ ರಾಗವೆಂದು ಮೇಷ್ಟರಿಗೂ ತಟ್ಟನೆ ಹೊಳೆಯಲಿಲ್ಲ. "ಪುಸ್ತಕ ತಪ್ಪೋ, ಅಜ್ಜಿ ತಪ್ಪೋ?" ಎಂದು ಹುಡುಗಿ ಮೆಲ್ಲನೆ ಕೇಳಿದಳು. ಎರಡನ್ನೂ ಬರೆದುಕೋ ಎಂದೆ. ಫೋನಿನಲ್ಲಿ ಧ್ವನಿ ಹಿಡಿದದ್ದಾಯಿತು, ಮೇಷ್ಟರು ಸ್ವರ ಹಾಕಿದ್ದಾಯಿತು. ಅಜ್ಜಿಗೆ ಇದಾವುದೂ ಅಷ್ಟು ರುಚಿಸಿದಂತೆ ಕಾಣಲಿಲ್ಲ. "ಬರ್ಕೊಂಡು ಏನ್ಮಾಡ್ತೀರಪ್ಪಾ, ಕೂತ್ಕೊಳ್ಳಿ, ಹೇಳ್ಕೊಡ್ತೀನಿ" ಎಂದರು.

ಅಂದು ಮೂರು ಪದಗಳಾದವು. ಪುಸ್ತಕದಲ್ಲಿ ಇನ್ನೂ ಇಪ್ಪತ್ತಾರು ಇವೆ. ದೀಪಾವಳಿ ಮುಗಿದ ಮೇಲೆ ಮತ್ತೆ ಬರುವುದಾಗಿ ಹೇಳಿ ಬಂದಿದ್ದೇವೆ.